ಹಳೇ ಕಾರಿನ ನಿಂತ ಗಡಿಯಾರ ಮತ್ತೆ ಓಡಲು

ನನ್ನ ಹಳೇ ಕಾರಿನ ಡ್ಯಾಶ್‌ಬೋರ್ಡ್ ಗಡಿಯಾರ ವರ್ಷಗಟ್ಟಲೆ ನಾಲ್ಕೂ ಹತ್ತಕ್ಕೇ ನಿಂತಿತ್ತು. ಸುಟ್ಟುಹೋಗಿದೆ, ಬಿಸಾಡಿ ಅಂದವರೇ ಹೆಚ್ಚು. ಬಿಚ್ಚಿ ನೋಡಿದರೆ ಒಣಗಿದ ಎಣ್ಣೆ, ಕಪ್ಪಾದ ಪಾಯಿಂಟ್‌ಗಳು (ಒಂದನ್ನೊಂದು ಮುಟ್ಟಿದಾಗ ಕರೆಂಟು ಹರಿಸುವ ಲೋಹದ ತುದಿಗಳು), ಅಷ್ಟೇ.

ಕ್ವಾರ್ಟ್ಜ್ (ಹರಳಿನ ಕಂಪನದಿಂದ ಸಮಯ ಅಳೆಯುವ ಯಂತ್ರ) ಬರುವ ಮುಂಚಿನ ಇಂಥ ಗಡಿಯಾರಗಳಲ್ಲಿ ಬಹಳಷ್ಟು ಓಡುವುದು ಸ್ಪ್ರಿಂಗ್‌ನಿಂದ. ಕರೆಂಟು ಕೀ ಕೊಡುತ್ತದೆ, ಅಷ್ಟೇ. ಸ್ಪ್ರಿಂಗ್ ಸಡಿಲಾದಾಗ ಎರಡು ಪಾಯಿಂಟ್‌ಗಳು ಒಂದನ್ನೊಂದು ಮುಟ್ಟುತ್ತವೆ, ಕಾಯಿಲ್ (ತಂತಿಯ ಸುರುಳಿ) ಅಯಸ್ಕಾಂತವಾಗಿ ತೋಳನ್ನು ಒದ್ದು ಸ್ಪ್ರಿಂಗನ್ನು ಮತ್ತೆ ಬಿಗಿಮಾಡುತ್ತದೆ. ಆಗಾಗ ಕೇಳುವ ಆ ‘ಟಕ್’ ಇದೇ. ಬ್ಯಾಟರಿ ಇಳಿದಿದ್ದರೆ ಒದೆಯಲು ಬಲ ಸಾಲದು, ಪಾಯಿಂಟ್‌ಗಳು ಅಂಟಿಕೊಂಡೇ ಉಳಿದು ಕಾಯಿಲ್ ಸುಡುತ್ತದೆ. ಕಾರು ತಿಂಗಳುಗಟ್ಟಲೆ ನಿಲ್ಲುವುದಾದರೆ ದಯವಿಟ್ಟು ಬ್ಯಾಟರಿ ಕಳಚಿಡಿ.

ಕೆಲಸಕ್ಕೂ ಮೊದಲು ಅದನ್ನೇ ಕಳಚಿ. ವೈರುಗಳ ಫೋಟೊ ತೆಗೆದುಕೊಂಡು ಗಡಿಯಾರ ಹೊರತೆಗೆಯಿರಿ. ಮಲ್ಟಿಮೀಟರಿನಲ್ಲಿ ಕಾಯಿಲ್ ತುಂಡಾಗಿಲ್ಲ ಎಂದು ಖಚಿತವಾದರೆ, 1000 ನಂಬರಿನ ಸ್ಯಾಂಡ್ ಪೇಪರಿನ ಚೂರನ್ನು ಪಾಯಿಂಟ್‌ಗಳ ನಡುವೆ ಮೆಲ್ಲಗೆ ಎಳೆಯಿರಿ. ಹಳೇ ಜಿಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು ಪೂರ್ತಿ ಒಣಗಲು ಬಿಡಿ. ಗಡಿಯಾರದ ಎಣ್ಣೆಯನ್ನು ಸೂಜಿ ಮೊನೆಯಲ್ಲಿ ಅದ್ದಿ, ಚಕ್ರಗಳ ಅಚ್ಚಿನ ತುದಿಗೆ ಮಾತ್ರ ಮುಟ್ಟಿಸಿ. ಪಾಯಿಂಟ್‌ಗಳಿಗಾಗಲಿ ಕೂದಲೆಳೆಯಂಥ ಸ್ಪ್ರಿಂಗಿಗಾಗಲಿ ಎಣ್ಣೆ ತಾಕಲೇಬಾರದು.

ಮೇಜಿನ ಮೇಲೇ ಪರೀಕ್ಷಿಸಿ: 1 ಆಂಪಿಯರ್ ಫ್ಯೂಸ್ ಹಾಕಿ, ಚಾರ್ಜ್ ಆದ ಬ್ಯಾಟರಿಗೆ ಜೋಡಿಸಿ. 12 ವೋಲ್ಟೋ 6 ವೋಲ್ಟೋ ಮೊದಲೇ ನೋಡಿಕೊಳ್ಳಿ. ಕೆಲವು ಹಳೇ ಕಾರುಗಳಲ್ಲಿ ಕಾರಿನ ಲೋಹದ ಮೈಗೆ ಜೋಡಿಸಿರುವುದು ಬ್ಯಾಟರಿಯ ಪಾಸಿಟಿವ್ ತುದಿ, ಅದನ್ನೂ ನೋಡಿಕೊಳ್ಳಿ.

ಕಾಯಿಲ್ ಸುಟ್ಟೇಹೋಗಿದ್ದರೆ ಒಳಗೆ ಕ್ವಾರ್ಟ್ಜ್ ಯಂತ್ರ ಕೂರಿಸಬಹುದು. ಆದರೆ ಡಯಲ್, ಮುಳ್ಳುಗಳು ಹಳೆಯವೇ ಇರಲಿ, ತೆಗೆದ ಯಂತ್ರವನ್ನೂ ಜೋಪಾನವಾಗಿಡಿ.