ಓಪನ್ ಸೋರ್ಸ್ ಯೋಜನೆಯಲ್ಲಿ ನಿಮ್ಮ ಬದಲಾವಣೆಗೆ ಒಪ್ಪಿಗೆ ಪಡೆಯುವುದು ಹೇಗೆ?

ಕೋಡ್ ಬರೆದು ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಹಾಕಿದರೆ ಕೆಲಸ ಮುಗಿಯಿತು ಎಂದುಕೊಂಡವರಿಗೆ ಬೇಗ ಬೇಸರ ಬರುತ್ತದೆ. ವಾರಗಟ್ಟಲೆ ಉತ್ತರ ಇರುವುದಿಲ್ಲ. ಬಂದ ಉತ್ತರದಲ್ಲಿ ಬರೀ ಪ್ರಶ್ನೆಗಳಿರುತ್ತವೆ. ಕೊನೆಗೊಂದು ದಿನ ಯಾರೋ ಅದನ್ನು ಮುಚ್ಚಿಬಿಟ್ಟಿರುತ್ತಾರೆ. ಎಷ್ಟೋ ಸಲ ಕೋಡ್ ಚೆನ್ನಾಗಿಯೇ ಇರುತ್ತದೆ. ಆ ಸಮುದಾಯದಲ್ಲಿ ತೀರ್ಮಾನ ಹೇಗಾಗುತ್ತದೆ ಎಂದು ಕಳಿಸಿದವರಿಗೆ ಗೊತ್ತಿರುವುದಿಲ್ಲ, ಅಷ್ಟೆ.

ಇಲ್ಲಿ ಕೈ ಎತ್ತಿಸಿ ಎಣಿಸಿ ತೀರ್ಮಾನಿಸುವುದು ಕಡಿಮೆ. ಎದ್ದ ಆಕ್ಷೇಪಗಳಿಗೆ ಸರಿಯಾದ ಉತ್ತರ ಸಿಕ್ಕಿದೆಯೇ ಎಂಬುದನ್ನು ನೋಡುತ್ತಾರೆ. ಇಂಟರ್ನೆಟ್‌ನ ತಾಂತ್ರಿಕ ಮಾನದಂಡಗಳನ್ನು ರೂಪಿಸುವ ಐಇಟಿಎಫ್ 2014ರಲ್ಲಿ ಪ್ರಕಟಿಸಿದ ಆರ್‌ಎಫ್‌ಸಿ 7282 ಎಂಬ ದಾಖಲೆ ಇದನ್ನು ನೇರವಾಗಿ ಹೇಳುತ್ತದೆ: ನೂರು ಮಂದಿ ಪರ, ಐದು ಮಂದಿ ವಿರುದ್ಧ ಇದ್ದರೂ ಸಹಮತ ಇಲ್ಲದಿರಬಹುದು, ಐದು ಮಂದಿ ಪರ, ನೂರು ಮಂದಿ ವಿರುದ್ಧ ಇದ್ದರೂ ಸಹಮತ ಇರಬಹುದು. ಆ ಐವರು ತೋರಿಸಿದ ದೋಷಕ್ಕೆ ಯಾರೂ ಉತ್ತರಿಸದಿದ್ದರೆ ನೂರು ಜನರ ಬೆಂಬಲಕ್ಕೆ ಬೆಲೆಯಿಲ್ಲ. ಮುಂದಿನ ಹಂತಗಳೆಲ್ಲ ಇದೇ ತಿಳಿವಳಿಕೆಯ ಮೇಲೆ ನಿಂತಿವೆ.

1. ತೀರ್ಮಾನ ಯಾರ ಕೈಯಲ್ಲಿದೆ ನೋಡಿಕೊಳ್ಳಿ

ಯೋಜನೆಯ ಮೂಲ ಫೋಲ್ಡರ್‌ನಲ್ಲಿ 'ಕಾಂಟ್ರಿಬ್ಯೂಟಿಂಗ್', 'ಗವರ್ನೆನ್ಸ್' ಹೆಸರಿನ ಫೈಲ್‌ಗಳಿದ್ದರೆ ಮೊದಲು ಅವನ್ನು ಓದಿ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನಲ್ಲಿ 'ಮೇಂಟೇನರ್ಸ್' ಎಂಬ ಫೈಲ್ ಇದೆ. ಯಾವ ಭಾಗಕ್ಕೆ ಯಾರು ಹೊಣೆ (ಅವರೇ ಮೇಂಟೇನರ್‌ಗಳು) ಎಂದು ಅದರಲ್ಲಿ ಬರೆದಿರುತ್ತದೆ. ಪೈಥಾನ್‌ನಲ್ಲಿ ಕೊನೆಯ ಮಾತು 2018ರವರೆಗೂ ಆ ಭಾಷೆಯನ್ನು ರೂಪಿಸಿದ ಗೀಡೋ ವಾನ್ ರಾಸಮ್ ಒಬ್ಬರದೇ ಆಗಿತ್ತು. ಪೆಪ್ 572ರ (ಪೆಪ್ ಎಂದರೆ ಪೈಥಾನ್‌ನ ಬದಲಾವಣೆಗೆ ಬರೆಯುವ ಪ್ರಸ್ತಾವ) ಸುತ್ತ ನಡೆದ ಕಹಿ ಜಗಳದ ಬಳಿಕ, ಆ ವರ್ಷದ ಜುಲೈನಲ್ಲಿ ಅವರು ಹಿಂದೆ ಸರಿದರು. 2019ರಿಂದ ಚುನಾಯಿತರಾದ ಐವರ ಸ್ಟೀರಿಂಗ್ ಕೌನ್ಸಿಲ್ ಆ ಕೆಲಸ ಮಾಡುತ್ತಿದೆ. ಅಪಾಚೆ ಪ್ರತಿಷ್ಠಾನದ ಯೋಜನೆಗಳಲ್ಲಿ ಹೊಸ ಆವೃತ್ತಿಯ ಬಿಡುಗಡೆಗೆ ಮತ ಯಾರು ಬೇಕಾದರೂ ಹಾಕಬಹುದು, ಆದರೆ ಲೆಕ್ಕಕ್ಕೆ ಬರುವುದು ಯೋಜನಾ ಸಮಿತಿಯ ಸದಸ್ಯರ ಮತ ಮಾತ್ರ.

ಚಿಕ್ಕ ಯೋಜನೆಗಳಲ್ಲಿ ಇಂಥ ಫೈಲ್‌ಗಳೇ ಇರುವುದಿಲ್ಲ. ಆಗ ನೀವು ಮುಟ್ಟಬೇಕೆಂದಿರುವ ಭಾಗಕ್ಕೆ ಇತ್ತೀಚೆಗೆ ಸೇರಿದ ಹತ್ತು ಬದಲಾವಣೆಗಳನ್ನು ತೆರೆದು, ಮರ್ಜ್ ಮಾಡಿದವರು (ಮುಖ್ಯ ಕೋಡ್‌ಗೆ ಸೇರಿಸಿದವರು) ಯಾರು ಎಂದು ನೋಡಿ. ಚರ್ಚೆಯಲ್ಲಿ ಹೆಚ್ಚು ಮಾತಾಡುವವರೂ ಮರ್ಜ್ ಮಾಡುವವರೂ ಬಹಳ ಸಲ ಬೇರೆ ಬೇರೆ. ಹೊಸಬರು ಮೊದಲನೆಯವರೊಂದಿಗೆ ವಾದಿಸುತ್ತಲೇ ಸುಸ್ತಾಗಿಬಿಡುತ್ತಾರೆ.

2. ನೇರ ಕೋಡೋ, ಮೊದಲು ಪ್ರಸ್ತಾವವೋ?

ನಾಳೆ ಇದನ್ನು ಹಿಂತೆಗೆದರೆ ಹೊರಗಿನ ಯಾರ ಪ್ರೋಗ್ರಾಮ್ ಆದರೂ ಕೆಡುತ್ತದೆಯೇ ಎಂದು ಕೇಳಿಕೊಳ್ಳಿ. ಕೆಡುವುದಿಲ್ಲವಾದರೆ ನೇರವಾಗಿ ಕೋಡ್ ಕಳಿಸಿ. ಬಗ್ ತಿದ್ದಿದ್ದು, ಟೆಸ್ಟ್ ಸೇರಿಸಿದ್ದು, ದಾಖಲೆಯ ತಪ್ಪು ಸರಿಪಡಿಸಿದ್ದು ಈ ಗುಂಪಿಗೆ ಸೇರುತ್ತವೆ. ಹೊಸ ಫಂಕ್ಷನ್, ಬದಲಾದ ಡೀಫಾಲ್ಟ್, ಹೊಸ ಫೈಲ್ ಫಾರ್ಮ್ಯಾಟ್ ಆದರೆ ಮೊದಲು ಪ್ರಸ್ತಾವ ಬರೆಯಿರಿ. ಒಮ್ಮೆ ಬಿಡುಗಡೆಯಾದ ಮೇಲೆ ಜನ ಅದನ್ನು ನೆಚ್ಚಿಕೊಂಡಿರುತ್ತಾರೆ. ಹಾಗಾಗಿ ಮೇಂಟೇನರ್‌ಗಳು ಇಲ್ಲಿ ಹೆಚ್ಚು ಬಿಗಿಯಾಗಿರುತ್ತಾರೆ, ಇರಲೇಬೇಕು.

3. ಪರಿಹಾರಕ್ಕಿಂತ ಮೊದಲು ಸಮಸ್ಯೆ ಬರೆಯಿರಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನೆಟ್‌ವರ್ಕ್‌ನಿಂದ ಮಾಹಿತಿ ತರುವ ಒಂದು ಲೈಬ್ರರಿ ಇದೆ. ಸರ್ವರ್ ಉತ್ತರಿಸದಿದ್ದರೆ ಅದು 30 ಸೆಕೆಂಡ್ ಕಾಯುತ್ತದೆ. ಅದನ್ನು 10 ಸೆಕೆಂಡ್‌ಗೆ ಇಳಿಸಬೇಕೆಂಬುದು ನಿಮ್ಮ ಆಸೆ. '30 ತುಂಬಾ ಹೆಚ್ಚು, 10 ಸಾಕು' ಎಂದಷ್ಟೇ ಬರೆದರೆ ಅದು ಬರೀ ಅಭಿಪ್ರಾಯ. ಓದಿದವರು ತಮ್ಮದೊಂದು ಅಭಿಪ್ರಾಯ ಸೇರಿಸಿ ಹೋಗುತ್ತಾರೆ. ಹೀಗೆ ಬರೆಯಿರಿ: 'ಸರ್ವರ್ ಸತ್ತಿರುವಾಗ ಪ್ರತಿ ಕರೆಯೂ 30 ಸೆಕೆಂಡ್ ಒಂದು ಥ್ರೆಡ್ (ಕೆಲಸ ನಡೆಸುವ ಎಳೆ) ಹಿಡಿದಿಡುತ್ತದೆ. 20 ಥ್ರೆಡ್‌ಗಳ ಪೂಲ್‌ನಲ್ಲಿ ಇಂಥ 20 ಕರೆ ಬಂದರೆ ಉಳಿದ ಕೆಲಸವೆಲ್ಲ ನಿಲ್ಲುತ್ತದೆ. ಇದನ್ನು ಮರುಕಳಿಸುವ ಪ್ರೋಗ್ರಾಮ್ ಇಲ್ಲಿದೆ.' ಆಗ ವಾದಿಸುವವರು ಆ ಥ್ರೆಡ್‌ಗಳ ಬಗ್ಗೆಯೇ ಮಾತಾಡಬೇಕಾಗುತ್ತದೆ.

ಆಮೇಲೆ ಪರಿಹಾರ, ಪರ್ಯಾಯಗಳು, ಹಳೆಯ ಬಳಕೆದಾರರ ಮೇಲಾಗುವ ಪರಿಣಾಮ ಬರೆಯಿರಿ. ಏನೂ ಮಾಡದೆ ಬಿಟ್ಟರೆ ಏನಾಗುತ್ತದೆ ಎಂಬುದೂ ಪರ್ಯಾಯಗಳಲ್ಲಿ ಇರಬೇಕು. ರಸ್ಟ್ ಭಾಷೆಯ ಆರ್‌ಎಫ್‌ಸಿ (ಅಲ್ಲಿ ಪ್ರಸ್ತಾವಕ್ಕಿರುವ ಹೆಸರು) ನಮೂನೆಯಲ್ಲಿ ಅನನುಕೂಲಗಳಿಗೆ, ಪರ್ಯಾಯಗಳಿಗೆ, ಇನ್ನೂ ಬಗೆಹರಿಯದ ಪ್ರಶ್ನೆಗಳಿಗೆ ಬೇರೆ ಬೇರೆ ಜಾಗವಿದೆ. ಪೈಥಾನ್‌ನ ಪೆಪ್‌ಗಳಲ್ಲಿ ಕೈಬಿಟ್ಟ ವಿಚಾರಗಳಿಗೇ ಒಂದು ಭಾಗವಿದೆ. ಅನನುಕೂಲಗಳ ಭಾಗವನ್ನು ಖಾಲಿ ಬಿಡಬೇಡಿ. ಅದನ್ನು ನೀವೇ ತುಂಬಿದರೆ ಮೇಂಟೇನರ್‌ಗೆ ನಿಮ್ಮ ಮೇಲೆ ನಂಬಿಕೆ ಬರುತ್ತದೆ; ಬಿಟ್ಟರೆ ಬೇರೆಯವರು ತುಂಬುತ್ತಾರೆ, ಆಗ ಅದು ಆಕ್ಷೇಪವಾಗುತ್ತದೆ.

4. ಆಕ್ಷೇಪಗಳನ್ನು ಬೇರ್ಪಡಿಸಿ

ಇಡೀ ಪ್ರಕ್ರಿಯೆಯಲ್ಲಿ ಕಷ್ಟದ್ದು ಇದೇ. ನಮ್ಮ ಉದಾಹರಣೆಗೆ ಎರಡು ಪ್ರತಿಕ್ರಿಯೆ ಬಂತೆನ್ನಿ. ಒಬ್ಬರು 'ದೊಡ್ಡ ವರದಿ ತಯಾರಿಸುವ ಸರ್ವರ್‌ಗಳು ಮೊದಲ ಬೈಟ್ ಕಳಿಸಲು 15–20 ಸೆಕೆಂಡ್ ತೆಗೆದುಕೊಳ್ಳುತ್ತವೆ, 10ಕ್ಕೆ ಇಳಿಸಿದರೆ ಸರಿಯಾಗಿ ನಡೆಯುತ್ತಿರುವುದೇ ಮುರಿಯುತ್ತದೆ' ಎನ್ನುತ್ತಾರೆ. ಇನ್ನೊಬ್ಬರಿಗೆ ಸೆಟ್ಟಿಂಗ್‌ನ ಹೆಸರು ಹಿಡಿಸಿಲ್ಲ.

ಎರಡನೆಯದು ರುಚಿಯ ಮಾತು. 'ಹೆಸರನ್ನು ಮೇಂಟೇನರ್ ತೀರ್ಮಾನಿಸಲಿ, ನನಗೆ ಯಾವುದಾದರೂ ಆದೀತು' ಎಂದು ಒಂದು ಸಾಲು ಬರೆದು ಮುಂದೆ ಹೋಗಿ. ಹೆಸರಿನ ಬಗ್ಗೆ ಎಲ್ಲರಿಗೂ ಮಾತಾಡಲು ಬರುತ್ತದೆ, ಆದ್ದರಿಂದ ಆ ಚರ್ಚೆ ಮುಗಿಯುವುದೇ ಇಲ್ಲ.

ಮೊದಲನೆಯದು ನಿಜವಾದ ದೋಷ. ಅದಕ್ಕೆ ಮೂರೇ ದಾರಿ: ಅದು ತಪ್ಪೆಂದು ಪುರಾವೆ ಕೊಡಬೇಕು, ಪ್ರಸ್ತಾವ ತಿದ್ದಬೇಕು, ಇಲ್ಲವೇ ಆ ನಷ್ಟವನ್ನು ಏಕೆ ಸಹಿಸಿಕೊಳ್ಳಬೇಕು ಎಂದು ಬಿಡಿಸಿ ಹೇಳಬೇಕು. ಇಲ್ಲಿ ತಿದ್ದುವುದೇ ಸರಿ. ಸಂಪರ್ಕ ಸಾಧಿಸಲು ಕಾಯುವ ಸಮಯ, ಉತ್ತರಕ್ಕೆ ಕಾಯುವ ಸಮಯ ಎಂದು ಎರಡಾಗಿ ಒಡೆಯಿರಿ. ಮೊದಲನೆಯದು 10 ಸೆಕೆಂಡ್, ಎರಡನೆಯದು ಹಿಂದಿನಂತೆ 30. ಯಂತ್ರವೇ ಸತ್ತಿದ್ದರೆ ಥ್ರೆಡ್ ಬೇಗ ಬಿಡುಗಡೆಯಾಗುತ್ತದೆ, ನಿಧಾನದ ಸರ್ವರ್‌ಗೂ ತೊಂದರೆಯಿಲ್ಲ. ಸಂಪರ್ಕ ಸಿಕ್ಕ ಮೇಲೆ ಸುಮ್ಮನಾಗುವ ಸರ್ವರ್‌ಗೆ ಮಾತ್ರ ಇದು ಮದ್ದಲ್ಲ. ಆ ಮಿತಿಯನ್ನು ಅನನುಕೂಲಗಳ ಭಾಗದಲ್ಲಿ ಬರೆದುಬಿಡಿ. ಆಕ್ಷೇಪ ಎತ್ತಿದವರ ಹೆಸರನ್ನೂ ಪ್ರಸ್ತಾವದಲ್ಲಿ ಸೇರಿಸಿ. ಎಷ್ಟೋ ಸಲ ಅವರೇ ಮುಂದೆ ಅದರ ಪರ ಮಾತಾಡುತ್ತಾರೆ.

ತಿದ್ದುಪಡಿಯನ್ನು ಉತ್ತರಗಳ ನಡುವೆ ಹೂತುಬಿಡದೆ ಪ್ರಸ್ತಾವದ ಪಠ್ಯದಲ್ಲೇ ಮಾಡಿ. ತಡವಾಗಿ ಬಂದವರು ಅದೊಂದನ್ನೇ ಓದುತ್ತಾರೆ. ಚರ್ಚೆ ಉದ್ದವಾದರೆ ನಡುನಡುವೆ ಸಾರಾಂಶ ಹಾಕಿ: ಒಪ್ಪಿದ್ದೇನು, ತಿದ್ದಿದ್ದೇನು, ಉಳಿದಿದ್ದೇನು. ಚಾಟ್‌ನಲ್ಲಿ ಅಥವಾ ವಿಡಿಯೊ ಕರೆಯಲ್ಲಿ ಏನಾದರೂ ಒಪ್ಪಂದವಾದರೆ ಅದನ್ನು ಕಾರಣದ ಸಮೇತ ಎಲ್ಲರಿಗೂ ಕಾಣುವ ಕಡೆ ಬರೆಯಿರಿ. ಇಲ್ಲದಿದ್ದರೆ ಕರೆಗೆ ಬರಲಾಗದವರು ಎಲ್ಲವನ್ನೂ ಮತ್ತೆ ಮೊದಲಿನಿಂದ ಕೇಳುತ್ತಾರೆ, ಕೇಳುವ ಹಕ್ಕೂ ಅವರಿಗಿದೆ.

5. ಮೌನದ ಲೆಕ್ಕ ತಿಳಿದಿರಲಿ

ಅಪಾಚೆ ಯೋಜನೆಗಳಲ್ಲಿ 'ಲೇಜಿ ಕನ್ಸೆನ್ಸಸ್' ಎಂಬ ಪದ್ಧತಿ ಇದೆ. ಹೀಗೆ ಮಾಡುತ್ತೇನೆ ಎಂದು ತಿಳಿಸಿ, ಸಾಮಾನ್ಯವಾಗಿ 72 ಗಂಟೆ ಕಾಯುತ್ತಾರೆ. ಯಾರೂ ಬೇಡ ಎನ್ನದಿದ್ದರೆ ಒಪ್ಪಿಗೆ ಎಂದೇ ಅರ್ಥ. ಬೇರೆ ಬೇರೆ ಟೈಮ್ ಝೋನ್‌ನವರಿಗೆ, ಬಿಡುವಿನಲ್ಲಿ ಕೆಲಸ ಮಾಡುವವರಿಗೆ ಓದಲು ಅಷ್ಟಾದರೂ ಸಮಯ ಬೇಕು. ರಸ್ಟ್‌ನಲ್ಲಿ ತಂಡದವರು ಒಲವು ತಿಳಿಸಿದ ಮೇಲೆ 10 ದಿನಗಳ ಅಂತಿಮ ಅಭಿಪ್ರಾಯ ಅವಧಿ ಇರುತ್ತದೆ. ಬಾಕಿ ಉಳಿದ ಆಕ್ಷೇಪ ಇದ್ದರೆ ಅದು ಶುರುವೇ ಆಗುವುದಿಲ್ಲ.

ಆದರೆ ಎಲ್ಲ ಮೌನವೂ ಒಪ್ಪಿಗೆಯಲ್ಲ. ಲಿನಕ್ಸ್‌ನಲ್ಲಿ ಉತ್ತರ ಬರಲಿಲ್ಲವೆಂದರೆ ಪ್ಯಾಚ್ (ಕಳಿಸಿದ ಬದಲಾವಣೆ) ಸೇರಲಿಲ್ಲ ಎಂದಷ್ಟೇ ಅರ್ಥ. ಕನಿಷ್ಠ ಒಂದು ವಾರ ಕಾದು ಮತ್ತೆ ಕೇಳಬಹುದು. ಕರ್ನಲ್‌ನ ಹೊಸ ಆವೃತ್ತಿ 9–10 ವಾರಕ್ಕೊಮ್ಮೆ ಬರುತ್ತದೆ. ಅದರಲ್ಲಿ ಮೊದಲ ಎರಡು ವಾರ ಮರ್ಜ್ ವಿಂಡೋ. ಆಗ ಮೇಂಟೇನರ್‌ಗಳು ಈಗಾಗಲೇ ಸಿದ್ಧವಿರುವುದನ್ನು ಮೇಲಕ್ಕೆ ಕಳಿಸುವ ಗಡಿಬಿಡಿಯಲ್ಲಿರುತ್ತಾರೆ. ಹೊಸ ಪ್ಯಾಚ್ ಕಳಿಸಿದರೆ ಹೆಚ್ಚಾಗಿ ಕಳೆದೇಹೋಗುತ್ತದೆ. ಆ ಎರಡು ವಾರ ಮುಗಿದು, ಆರ್‌ಸಿ 1 ಎಂಬ ಮೊದಲ ಪರೀಕ್ಷಾ ಆವೃತ್ತಿ ಬಂದ ಮೇಲೆ ಕಳಿಸಿ.

ಪ್ಯಾಚ್‌ಗೆ ಬರುವ ಗುರುತುಗಳನ್ನೂ ಓದಲು ಕಲಿಯಬೇಕು. 'ಸೈನ್ಡ್-ಆಫ್-ಬೈ' ಎಂದರೆ ಈ ಕೋಡ್ ಕೊಡುವ ಹಕ್ಕು ನನಗಿದೆ ಎಂಬ ಘೋಷಣೆ; 'ರಿವ್ಯೂಡ್-ಬೈ' ಎಂದರೆ ಪೂರ್ತಿ ಓದಿ ಪರಿಶೀಲಿಸಿದ್ದೇನೆ ಎಂಬ ಮಾತು; 'ಆಕ್ಡ್-ಬೈ' ಎಂದರೆ ಆ ಭಾಗದ ಹೊಣೆ ಹೊತ್ತವರ ಸಮ್ಮತಿ. ಮುಂದಿನ ಆವೃತ್ತಿಯಲ್ಲಿ ಕೋಡ್ ಗಣನೀಯವಾಗಿ ಬದಲಾದರೆ ಹಳೆಯ ರಿವ್ಯೂ ಗುರುತನ್ನು ತೆಗೆದುಹಾಕಿ. ಅವರು ಓದಿದ್ದು ಬೇರೆ ಕೋಡ್.

6. ಮತದಾನಕ್ಕೆ ಹೋದರೆ

ಅಪಾಚೆಯಲ್ಲಿ +1, 0, −1 ಎಂದು ಮತ ಹಾಕುತ್ತಾರೆ. ಕೋಡ್ ಬದಲಾವಣೆಗೆ ಅರ್ಹರೊಬ್ಬರು −1 ಹಾಕಿದರೆ ಅದು ವೀಟೊ. ಆದರೆ ಜೊತೆಗೆ ತಾಂತ್ರಿಕ ಕಾರಣ ಕೊಡಲೇಬೇಕು, ಇಲ್ಲವಾದರೆ ಅದಕ್ಕೆ ಬೆಲೆಯಿಲ್ಲ. ಬಿಡುಗಡೆಗೆ ವೀಟೊ ಇಲ್ಲ: ಲೆಕ್ಕಕ್ಕೆ ಬರುವ ಮೂರು +1 ಇದ್ದು, −1ಗಳಿಗಿಂತ +1 ಹೆಚ್ಚಿದ್ದರೆ ಸಾಕು.

ಬಹುಮತದಿಂದ ಗೆದ್ದರೂ ಬಿರುಕು ಉಳಿಯಬಹುದು. 2014ರ ಫೆಬ್ರುವರಿಯಲ್ಲಿ ಲಿನಕ್ಸ್ ಆಧಾರಿತ ಡೆಬಿಯನ್‌ನ ತಾಂತ್ರಿಕ ಸಮಿತಿ, ಯಂತ್ರ ಶುರುವಾಗುವಾಗ ಉಳಿದ ಪ್ರೋಗ್ರಾಮ್‌ಗಳನ್ನು ಚಾಲೂ ಮಾಡಲು ಸಿಸ್ಟಮ್‌ಡಿ ಬೇಕೋ ಅಪ್‌ಸ್ಟಾರ್ಟ್ ಬೇಕೋ ಎಂದು ನಾಲ್ಕು–ನಾಲ್ಕಾಗಿ ಒಡೆದು, ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಆಯ್ಕೆಯಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಅತೃಪ್ತರು ದೇವುವಾನ್ ಎಂಬ ಫೋರ್ಕ್ (ಅದೇ ಕೋಡ್‌ನಿಂದ ಕವಲೊಡೆದ ಪ್ರತ್ಯೇಕ ಯೋಜನೆ) ಘೋಷಿಸಿದರು. ಲೈಸೆನ್ಸ್ ಅದಕ್ಕೆ ಅವಕಾಶ ಕೊಡುತ್ತದೆ. ಫೋರ್ಕ್ ಮಾಡಬಹುದೆಂಬ ಅರಿವು ಇರುವುದರಿಂದಲೇ ಮೇಂಟೇನರ್‌ಗಳು ಸಣ್ಣ ಗುಂಪಿನ ಆಕ್ಷೇಪವನ್ನೂ ತಾಳ್ಮೆಯಿಂದ ಕೇಳುತ್ತಾರೆ.

7. ತೀರ್ಮಾನವಾದ ಮೇಲೆ

ತಿರಸ್ಕೃತವಾದರೆ ಕಾರಣ ಕೇಳಿ ಬರೆಸಿಕೊಳ್ಳಿ, ಪ್ರಸ್ತಾವ ಅಳಿಸಬೇಡಿ. ತಿರಸ್ಕೃತ ಪೆಪ್‌ಗಳು ತಮ್ಮ ಸಂಖ್ಯೆಯೊಂದಿಗೆ ಹಾಗೇ ಉಳಿದಿವೆ. ಅದೇ ವಿಚಾರದೊಂದಿಗೆ ಮುಂದೆ ಬರುವವರು ಅಲ್ಲಿಂದ ಶುರುಮಾಡಬಹುದು. ಮತ್ತೆ ತರುವುದಾದರೆ ಹೊಸ ಪುರಾವೆ ಇರಬೇಕು; ಹಳೆಯ ವಾದವನ್ನೇ ಮೂರು ತಿಂಗಳ ಬಳಿಕ ಮತ್ತೆ ಹಾಕಿದರೆ ಯಾರೂ ಓದುವುದಿಲ್ಲ.

ಸ್ವೀಕೃತವಾದರೆ ಬದಲಾವಣೆಯ ಟಿಪ್ಪಣಿಯಲ್ಲಿ ಹಳೆಯ ವರ್ತನೆಗೆ ಮರಳುವ ಸೆಟ್ಟಿಂಗ್ ಯಾವುದೆಂದು ಬರೆಯಿರಿ, ಬಿಡುಗಡೆಯ ನಂತರದ ಮೊದಲ ಕೆಲವು ವಾರ ಬಗ್ ವರದಿಗಳನ್ನು ನೋಡುತ್ತಿರಿ. ಕರ್ನಲ್‌ನಲ್ಲಿ ಬಳಕೆದಾರರ ಪ್ರೋಗ್ರಾಮ್ ಮುರಿದ ಬದಲಾವಣೆಯನ್ನು, ಅದು ತಾಂತ್ರಿಕವಾಗಿ ಎಷ್ಟೇ ಸರಿಯಿದ್ದರೂ, ಹಿಂತೆಗೆಯುತ್ತಾರೆ. ನಿಮ್ಮ ಬದಲಾವಣೆಗೂ ಹಾಗಾದರೆ ಅದನ್ನು ಹಿಂತೆಗೆಯುವ ರಿವರ್ಟ್ ಪ್ಯಾಚನ್ನು ನೀವೇ ಕಳಿಸಿ, ಮುರಿದದ್ದನ್ನು ಹಿಡಿಯುವ ಟೆಸ್ಟ್ ಬರೆದು ಸೇರಿಸಿ, ಆಮೇಲೆ ಹೊಸ ಆವೃತ್ತಿ ತನ್ನಿ.