ಕ್ರಿಸ್‌ಮಸ್ ಹಗಲಿನ ‘ಪೂಎರ್ ನಾತುಸ್’: ನಾನು ಹಾಡಿಸಿದ ಬಗೆ

ಕ್ಯಾಥೊಲಿಕ್ ಚರ್ಚಿನ ರೋಮನ್ ಪದ್ಧತಿಯಲ್ಲಿ ಕ್ರಿಸ್‌ಮಸ್ಸಿಗೆ ಮೂರು ಬಲಿಪೂಜೆಗಳು (ಮಾಸ್), ಮೂರಕ್ಕೂ ಬೇರೆ ಬೇರೆ ಪ್ರವೇಶಗೀತೆ. ನಮ್ಮ ಪುಟ್ಟ ಗಾನವೃಂದಕ್ಕೆ ನಾನು ಆರಿಸಿಕೊಂಡದ್ದು ಹಗಲಿನ ಪೂಜೆಯ ‘ಪೂಎರ್ ನಾತುಸ್ ಎಸ್ತ್ ನೋಬಿಸ್’, ಅಂದರೆ ‘ನಮಗೊಂದು ಮಗು ಹುಟ್ಟಿದೆ’ ಎಂಬ ಲ್ಯಾಟಿನ್ ಗೀತೆ. ಇದು ಗ್ರೆಗೋರಿಯನ್ ಗಾಯನ ಎನ್ನುವ ಹಳೆಯ ಚರ್ಚ್ ಸಂಗೀತದ್ದು. ನಡುರಾತ್ರಿಯ ‘ದೋಮಿನುಸ್ ದೀಕ್ಸಿತ್’ ಕೆಲವೇ ಸ್ವರಗಳೊಳಗೆ ಮೆಲ್ಲಗೆ ಓಡಾಡುತ್ತದೆ. ಇದೋ, ಮೊದಲ ಅಕ್ಷರದಲ್ಲೇ ಷಡ್ಜದಿಂದ ಪಂಚಮಕ್ಕೆ ಹಾರುತ್ತದೆ. ಮಗು ಹುಟ್ಟಿದ ಸುದ್ದಿಗೆ ಅಷ್ಟು ಎತ್ತರ ಬೇಡವೇ?

ಏಳನೆಯ ಮೋಡ್‌ನ (ಚರ್ಚ್ ಸಂಗೀತದ ಸ್ವರಶ್ರೇಣಿಗಳಲ್ಲೊಂದು) ಈ ಗೀತೆಯ ಸ್ವರಗಳು ಹರಿಕಾಂಭೋಜಿ ರಾಗದವೇ. ಕರ್ನಾಟಕ ಸಂಗೀತ ಕಲಿತವರು ಅಲ್ಲಿಗೇ ಹಿಗ್ಗಿ ಗಮಕ ಸೇರಿಸತೊಡಗುತ್ತಾರೆ. ಸೇರಿಸಿದರೆ ಹಾಡು ಕೆಟ್ಟಿತು. ಈ ಗೀತೆಗಳನ್ನು ಬರೆಯುವ, ನಾಲ್ಕು ಗೆರೆಗಳ ಮೇಲಿನ ಚೌಕಾಕಾರದ ಸ್ವರಚಿಹ್ನೆಗಳಿಗೆ (ಚೌಕ ಸ್ವರಗಳಿಗೆ) ಗೊತ್ತಾದ ಶ್ರುತಿಯಿಲ್ಲ, ಹಾಡುವವರ ಕಂಠಕ್ಕೆ ತಕ್ಕಂತೆ ಇಟ್ಟುಕೊಳ್ಳಬಹುದು. ನಾನು ಹಾರ್ಮೋನಿಯಂನ ಬಿಳಿ ಎರಡನ್ನು ಷಡ್ಜವಾಗಿಟ್ಟೆ.

ಸ್ವರಕ್ಕೆ ಮೊದಲು ಮಾತು. ಗೀತೆಯ ಮಾತು ಬೈಬಲಿನ ಪ್ರವಾದಿ ಯೆಶಾಯನದು. ಆ ಲ್ಯಾಟಿನ್ ವಾಕ್ಯವನ್ನು ಕನ್ನಡ ಲಿಪಿಯಲ್ಲಿ ಬರೆದು ಹಂಚಿ, ಗದ್ಯದಂತೆ ಗಟ್ಟಿಯಾಗಿ ಓದಿಸಿದೆ. ನಮ್ಮ ತ, ದ, ನ ಲ್ಯಾಟಿನ್ನಿಗೆ ಸರಿಯಾಗಿ ಹೊಂದುತ್ತವೆ. ‘ಮಾಞಿ’ ಎನ್ನುವಲ್ಲಿ ವರ್ಣಮಾಲೆಯ ಮೂಲೆಯಲ್ಲಿ ಕುಳಿತಿದ್ದ ಞಕಾರಕ್ಕೂ ಕೆಲಸ ಸಿಕ್ಕಿತು. ದ್ವಿತೀಯ ವ್ಯಾಟಿಕನ್ ಮಹಾಸಭೆಗೆ (1962–65) ಮುಂಚೆ ಇಲ್ಲಿಯೂ ಪೂಜೆ ಲ್ಯಾಟಿನ್ನಿನಲ್ಲೇ ನಡೆಯುತ್ತಿದ್ದುದರಿಂದ ಹಿರಿಯರೊಬ್ಬರ ನಾಲಗೆಯಲ್ಲಿ ಈ ಉಚ್ಚಾರ ಇನ್ನೂ ಉಳಿದಿತ್ತು. ಅವರನ್ನೇ ಮುಂದೆ ಕೂರಿಸಿಕೊಂಡೆ.

ತಾಳವಿಲ್ಲದ್ದು ಎಲ್ಲರನ್ನೂ ಕಾಡಿತು. ಕೈ ತಾನಾಗಿ ತೊಡೆಯ ಮೇಲೆ ಬೀಳುತ್ತದೆ, ಏನು ಮಾಡುವುದು! ಇಲ್ಲಿ ನೆರವಿಗೆ ಬಂದದ್ದು 1979ರಲ್ಲಿ ಫ್ರಾನ್ಸಿನ ಸೊಲೆಮ್ ಮಠ ಪ್ರಕಟಿಸಿದ ‘ಗ್ರಾದುವಾಲೆ ತ್ರಿಪ್ಲೆಕ್ಸ್’ ಎಂಬ ಪೂಜಾಗೀತೆಗಳ ಪುಸ್ತಕ. ಚೌಕ ಸ್ವರಗಳ ಮೇಲೂ ಕೆಳಗೂ ಹತ್ತನೆಯ ಶತಮಾನದ ಆಸುಪಾಸಿನ ಹಸ್ತಪ್ರತಿಗಳ ಗುರುತುಗಳನ್ನು ಅದರಲ್ಲಿ ಎತ್ತಿ ಬರೆದಿದ್ದಾರೆ. ಸ್ವಿಟ್ಜರ್ಲೆಂಡಿನ ಐನ್‌ಸೀಡೆಲ್ನ್ ಮಠದ 121ನೇ ಸಂಖ್ಯೆಯ ಪ್ರತಿ ಅವುಗಳಲ್ಲೊಂದು. ಆ ಹಳೆಯ ಗುರುತುಗಳು ಸ್ವರದ ಎತ್ತರವನ್ನು ಖಚಿತವಾಗಿ ಹೇಳುವುದಿಲ್ಲ, ನಡಿಗೆಯನ್ನು ಹೇಳುತ್ತವೆ. ‘ಸಿ’ ಅಕ್ಷರವಿದ್ದಲ್ಲಿ ಹಗುರಾಗಿ ಸಾಗಬೇಕು, ‘ಟಿ’ ಇದ್ದಲ್ಲಿ ತುಸು ನಿಲ್ಲಬೇಕು. ಧಾಟಿ ಸನ್ಯಾಸಿಗಳಿಗೆ ಬಾಯಿಪಾಠವಾಗಿತ್ತು, ಪುಸ್ತಕ ಬರೀ ನೆನಪಿಗೆ. ಗುರುವಿನ ಬಾಯಿಂದ ಕೃತಿ ಕಲಿತವರಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ. ಚೌಕ ಸ್ವರಗಳಿಂದ ಧಾಟಿ ಕೂರಿಸಿ, ಹಳೆಯ ಗುರುತು ನೋಡಿ ನಡಿಗೆ ತಿದ್ದಿದೆ. ಉಸಿರನ್ನು ಒಬ್ಬೊಬ್ಬರು ಒಂದೊಂದು ಕಡೆ ಕದಿಯುವಂತೆ ಹಂಚಿದ ಮೇಲೆ ಸಾಲುಗಳು ತುಂಡಾಗದೆ ಹರಿದವು.

ನಡುವೆ ಬರುವ ‘ಕಾಂತಾತೆ ದೋಮಿನೋ’ ಕೀರ್ತನೆಯ ಸಾಲು ಹೆಚ್ಚಾಗಿ ಪಂಚಮದಲ್ಲೇ ನಿಂತು ಸಾಗುತ್ತದೆ. ಅದನ್ನು ಇಬ್ಬರಿಗೆ ಒಪ್ಪಿಸಿದೆ. ಆಮೇಲೆ ಎಲ್ಲರೂ ಮತ್ತೆ ‘ಪೂಎರ್’, ಬಳಿಕ ‘ಗ್ಲೋರಿಯಾ ಪಾತ್ರಿ’ (ತಂದೆ, ಮಗ, ಪವಿತ್ರಾತ್ಮರ ಸ್ತುತಿ), ಕೊನೆಗೆ ಇನ್ನೊಮ್ಮೆ ‘ಪೂಎರ್’. ಇದು ಪೂಜೆ ಅರ್ಪಿಸುವ ಗುರುಗಳು (ಪಾದ್ರಿ) ಪೀಠದತ್ತ ನಡೆದುಬರುವಾಗಿನ ಹಾಡು, ನಮ್ಮ ಚರ್ಚಿನ ನಡುದಾರಿಯೋ ಮೊಳದುದ್ದ. ಹಾಡು ಮುಗಿಯುವವರೆಗೆ ಕಾಯುವಂತೆ ಅವರನ್ನು ಮುಂಚಿತವಾಗಿಯೇ ಒಪ್ಪಿಸಿಕೊಂಡಿದ್ದೆ.