ಕೈಗೆ ಎಕ್ಕ ಬಂತೆಂದು ಹಿಗ್ಗುವ ಮುನ್ನ

ಟೆಕ್ಸಸ್ ಹೋಲ್ಡೆಮ್ ಪೋಕರ್‌ನಲ್ಲಿ ಮೊದಲು ಕೈಗೆ ಬರುವುದು ಎರಡೇ ಎಲೆ. ಆಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಮೇಜಿನ ಮೇಲೆ ಬೀಳುತ್ತವೆ, ಕೊನೆಗೆ ಲೆಕ್ಕಕ್ಕೆ ಸಿಗುವುದು ಏಳು. ಇನ್ನೂ ಐದು ಎಲೆ ಕಟ್ಟಿನಲ್ಲೇ ಇರುವಾಗ ಗೆದ್ದೇಬಿಟ್ಟೆವು ಅಂದುಕೊಂಡರೆ ಅಲ್ಲಿಂದಲೇ ಎಡವಟ್ಟು ಶುರು. ಕೆಟ್ಟ ಎಲೆ ಬಂದರೆ ಹೇಗೂ ಬಿಟ್ಟುಬಿಡುತ್ತೇವೆ. ಜೇಬು ಖಾಲಿ ಮಾಡಿಸುವುದು ಚೆಂದ ಕಾಣುವ ಎಲೆಗಳೇ.

ಹಾಗಾಗಿ ಮೊದಲು, ಕೈಯಲ್ಲಿರುವುದು ಜೋಡಿಯೋ ಅಲ್ಲವೋ ನೋಡಿ. ಎಕ್ಕ-ರಾಜ ಬಂದರೆ ಯಾರ ಮುಖವೂ ಅರಳುತ್ತದೆ, ಅಲ್ವಾ? ಆದರೆ ಅದು ಜೋಡಿ ಅಲ್ಲ. ಫ್ಲಾಪ್‌ನ ಮೂರು ಎಲೆಗಳಲ್ಲಿ (ಮೇಜಿನ ಮೇಲೆ ಮೊದಲು ಒಟ್ಟಿಗೆ ಬೀಳುವವು) ಎಕ್ಕವೋ ರಾಜನೋ ಬರುವುದು ಸುಮಾರು ಶೇ 32 ಸಲ ಮಾತ್ರ. ಮಿಕ್ಕಂತೆ, ಎದುರಿನವರ ಹತ್ತಿರ ಎರಡರ ಪುಟ್ಟ ಜೋಡಿ ಇದ್ದರೂ ಸಾಮಾನ್ಯವಾಗಿ ಅವರೇ ಮುಂದೆ. ಹಾಗಂತ ಎಕ್ಕ-ರಾಜ ಎಸೆಯಬೇಡಿ. ಫ್ಲಾಪ್‌ಗೆ ಮುಂಚೆ ಧಾರಾಳವಾಗಿ ರೈಸ್ ಮಾಡಿ, ಅಂದರೆ ಪಣ ಏರಿಸಿ. ಆಮೇಲೆ ಏನೂ ಕೂಡದಿದ್ದರೆ ಒಂದು ಬೆಟ್ ಹಾಕಿ ನೋಡಿ. ಎದುರಿನವರು ಜಗ್ಗದಿದ್ದರೆ ಸುಮ್ನೆ ಎಲೆ ಕೆಳಗಿಡಿ.

ಜೋಡಿಯೇ ಬಂದಿದ್ದರೆ, ಅದರ ಮೇಲೆ ಎಷ್ಟು ದೊಡ್ಡ ಎಲೆಗಳಿವೆ ಎಂದು ಎಣಿಸಿ. ಗುಲಾಮರ ಜೋಡಿಯನ್ನು ನೋಡಿ: ಫ್ಲಾಪ್‌ನಲ್ಲಿ ರಾಣಿ, ರಾಜ, ಎಕ್ಕ ಇವುಗಳಲ್ಲಿ ಒಂದಾದರೂ ಬೀಳುವ ಸಾಧ್ಯತೆ ಶೇ 57. ಅಂದರೆ ಅರ್ಧಕ್ಕಿಂತ ಜಾಸ್ತಿ ಸಲ ನಿಮಗೆ ಪೀಕಲಾಟ. ರಾಜರ ಜೋಡಿ ಇದ್ದರೂ ಶೇ 23ರಷ್ಟು ಸಲ ಎಕ್ಕ ಬಂದು ಕೂರುತ್ತದೆ.

ಆಮೇಲೆ ಕಣದಲ್ಲಿ ಎಷ್ಟು ಜನ ಉಳಿದಿದ್ದಾರೆ ನೋಡಿ. ಎಕ್ಕದ ಜೋಡಿಗಿಂತ ಒಳ್ಳೆಯ ಆರಂಭ ಇಲ್ಲವೇ ಇಲ್ಲ. ಎದುರಿಗೆ ಯಾವುದೋ ಎರಡು ಎಲೆ ಹಿಡಿದ ಒಬ್ಬರೇ ಇದ್ದರೆ ಅದು ಶೇ 85 ಸಲ ಗೆಲ್ಲುತ್ತದೆ. ಅಂಥವರೇ ಐದು ಜನ ಕೊನೆತನಕ ಉಳಿದರೆ ಶೇ 49ಕ್ಕೆ ಇಳಿಯುತ್ತದೆ! ಕೆಲವರು ಎಕ್ಕದ ಜೋಡಿ ಬಚ್ಚಿಟ್ಟುಕೊಂಡು, ಎಲ್ಲರನ್ನೂ ಅಗ್ಗಕ್ಕೆ ಒಳಗೆ ಬಿಡುತ್ತಾರೆ. ಜಾಣತನ ಅಂತ ಅವರ ಲೆಕ್ಕ. ನನಗಂತೂ ಅದು ಬಾಗಿಲು ತೆರೆದಿಟ್ಟು ಮಲಗಿದ ಹಾಗೆ. ರೈಸ್ ಮಾಡಿ, ಜನ ಕಡಿಮೆ ಮಾಡಿಕೊಳ್ಳಿ.

ಇನ್ನು ಎಕ್ಕ-ಏಳರಂಥ ಕೈ. ಎಕ್ಕ ಬೀಳದಿದ್ದರೆ ಕಷ್ಟ, ಬಿದ್ದರೆ ಇನ್ನೂ ಕಷ್ಟ. ಎದುರಿನವರ ಹತ್ತಿರ ಎಕ್ಕ-ರಾಜ ಇದ್ದರೆ ಇಬ್ಬರಿಗೂ ಎಕ್ಕದ ಜೋಡಿ ಆಗುತ್ತದೆ, ಜೊತೆಯ ಎಲೆಯಲ್ಲಿ ನೀವು ಸೋಲುತ್ತೀರಿ. ನಿಮಗೆ ಗೆಲುವು ನಾಲ್ಕರಲ್ಲಿ ಸುಮಾರು ಒಂದು ಸಲ. ಮೊದಲು ಆಡುವ ಸರದಿ ನಿಮ್ಮದಾಗಿದ್ದರೆ ಇದನ್ನು ಮುಟ್ಟಲೇಬೇಡಿ.

ಎರಡೂ ಎಲೆ ಒಂದೇ ಜಾತಿಯವು ಎಂಬ ಖುಷಿಯೂ ಅಷ್ಟೇ. ಫ್ಲಾಪ್‌ನಲ್ಲೇ ಫ್ಲಶ್ (ಒಂದೇ ಜಾತಿಯ ಐದು ಎಲೆ) ಆಗುವುದು ಸುಮಾರು 119 ಸಲಕ್ಕೆ ಒಂದು ಸಲ.

ಫ್ಲಾಪ್ ಬಿದ್ದ ಮೇಲೆ ಕೈಯ ಬೆಲೆಯನ್ನು ಮತ್ತೆ ಮೊದಲಿನಿಂದ ಕಟ್ಟಿ. ಎಂಟು, ಒಂಬತ್ತು, ಹತ್ತು, ಮೂರೂ ಒಂದೇ ಜಾತಿ ಬಿದ್ದು, ಇಬ್ಬರು ಮೇಲಿಂದ ಮೇಲೆ ರೈಸ್ ಮಾಡುತ್ತಿದ್ದರೆ ನಿಮ್ಮ ಎಕ್ಕದ ಜೋಡಿ ಬರೀ ಒಂದು ಜೋಡಿ. ‘ಇಷ್ಟು ಒಳ್ಳೆಯ ಎಲೆ ಬಂದಿತ್ತಲ್ಲ’ ಎಂಬ ಹೊಟ್ಟೆಯುರಿಗೆ ಇನ್ನಷ್ಟು ಚಿಪ್ಸ್ ಸುರಿಯಬೇಡಿ.

ಆಟ ಮುಗಿದ ಮೇಲೆ ಇನ್ನೊಂದು ಕೆಲಸ ಇದೆ. ಅವತ್ತು ಜಾಸ್ತಿ ಕಳೆದ ಕೈ ಯಾವುದು ಎಂದು ಬರೆದಿಡಿ. ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುವುದು ಎಕ್ಕ-ಗುಲಾಮ. ಈಗಲೂ ಅದು ಬಂದಾಗ ಕೈ ತುರಿಸುತ್ತದೆ.